ಮಳೆಗಾಲದ ಮೆಕ್ಸಿಕೋದಲ್ಲಿ ದೂರದ ಬಸ್ಸು: ಯಾವ ದಾರಿ, ಯಾವ ಹೊತ್ತು

ಅಮೆರಿಕದಲ್ಲಿರುವ ಕನ್ನಡಿಗರ ಮನೆಗಳಲ್ಲಿ ಮಕ್ಕಳಿಗೆ ರಜೆ ಸಿಗುವುದು ಜೂನ್‌ನಿಂದ ಆಗಸ್ಟ್‌ವರೆಗೆ. ಮೆಕ್ಸಿಕೋದಲ್ಲಿ ಮಳೆ ಹಿಡಿಯುವುದೂ ಆಗಲೇ. ಹಾಗಾಗಿ "ಈಗ ಹೋಗಬಹುದಾ, ಬಸ್ಸಲ್ಲಿ ಓಡಾಡಿದರೆ ಎಲ್ಲಾದರೂ ಸಿಕ್ಕಿಹಾಕಿಕೊಳ್ತೀವಾ" ಎಂದು ಪ್ರತಿವರ್ಷ ಯಾರಾದರೂ ಕೇಳುತ್ತಲೇ ಇರುತ್ತಾರೆ. ಹೋಗಬಹುದು, ಧಾರಾಳವಾಗಿ. ದೂರದ ಊರುಗಳಿಗೆ ಅಲ್ಲಿನ ಜನರೂ ಬಸ್ಸನ್ನೇ ನೆಚ್ಚಿಕೊಂಡಿದ್ದಾರೆ. ಪ್ರಯಾಣಿಕರ ರೈಲುಗಳು 1990ರ ದಶಕದಲ್ಲೇ ಹೆಚ್ಚುಕಮ್ಮಿ ನಿಂತುಹೋದವು. 2023ರ ಡಿಸೆಂಬರ್‌ನಲ್ಲಿ ಶುರುವಾದ ಮಾಯಾ ರೈಲು ಓಡುವುದು ಆಗ್ನೇಯದ ತುದಿಯಲ್ಲಿ ಮಾತ್ರ. ಬಸ್ಸುಗಳೇನೋ ಚೆನ್ನಾಗಿವೆ. ಆದರೆ ಮಳೆಗಾಲದಲ್ಲಿ ಬಸ್ಸಿನ ದರ್ಜೆ, ಸೀಟು, ದರ ಇವೆಲ್ಲಕ್ಕಿಂತ ಮೊದಲು ನೋಡಬೇಕಾದ್ದು ಅದು ಹೊರಡುವ ಹೊತ್ತು. ಯಾಕೆ ಅಂದರೆ ಆ ದೇಶದ ಬಹುಪಾಲು ಕಡೆ ಮಳೆಗೂ ಒಂದು ವೇಳಾಪಟ್ಟಿ ಇದೆ.

1. ಮೊದಲು ಮಳೆಯ ನಕ್ಷೆ ಮನಸ್ಸಿಗೆ ತಂದುಕೊಳ್ಳಿ

ಮಳೆಗಾಲ ಅಂದಾಜು ಮೇ ಕೊನೆಯಿಂದ ಅಕ್ಟೋಬರ್‌ವರೆಗೆ. ಮೆಕ್ಸಿಕೋ ಸಿಟಿ, ಪ್ವೆಬ್ಲಾ, ಕೆರೆತಾರೋ, ಗ್ವಾದಲಹಾರಾ, ವಹಾಕಾ ಇವೆಲ್ಲ ಎತ್ತರದ ಊರುಗಳು. ಮೆಕ್ಸಿಕೋ ಸಿಟಿಯೇ ಸಮುದ್ರಮಟ್ಟದಿಂದ 2,240 ಮೀಟರ್ ಮೇಲಿದೆ. ಇಲ್ಲೆಲ್ಲ ಬೆಳಗ್ಗೆ ಬಿಸಿಲು ಬಿದ್ದು, ಮಧ್ಯಾಹ್ನ ಮೋಡ ಕವಿದು, ಮೂರು–ನಾಲ್ಕು ಗಂಟೆ ದಾಟಿದ ಮೇಲೆ ಗುಡುಗು ಸಹಿತ ಧೋ ಎಂದು ಸುರಿಯುತ್ತದೆ. ಕೆಲವೊಮ್ಮೆ ಆಲಿಕಲ್ಲೂ ಬೀಳುತ್ತದೆ. ರಾತ್ರಿ ಹೊತ್ತಿಗೆ ಅಬ್ಬರ ಇಳಿದಿರುತ್ತದೆ. ಮಾರನೇ ಬೆಳಗ್ಗೆ ಏನೂ ಆಗದವರ ಹಾಗೆ ಮತ್ತೆ ಬಿಸಿಲು.

ತೆಂಕಣದ ತಬಾಸ್ಕೋ, ಚಿಯಾಪಾಸ್ ಬೇರೆ ಲೆಕ್ಕ. ಅಲ್ಲಿ ಹಿಡಿದ ಮಳೆ ದಿನಗಟ್ಟಲೆ ಬಿಡದೇ ಇರಬಹುದು. ತಬಾಸ್ಕೋದ ರಾಜಧಾನಿ ವಿಯಾಎರ್ಮೋಸಾ 2007ರಲ್ಲೂ 2020ರಲ್ಲೂ ನೆರೆಗೆ ಸಿಕ್ಕಿ ಮುಳುಗಿದ ಊರು. ಯುಕಾತಾನ್ ಕಡೆ ನೆಲ ಚಪ್ಪಟೆ. ಮಳೆ ಬಂದರೂ ಅರ್ಧ ಗಂಟೆ ಸುರಿದು ಹೋಗುತ್ತದೆ, ಜರಿಯುವುದಕ್ಕೆ ಗುಡ್ಡವೇ ಇಲ್ಲ. ಬಡಗಣದ ಮರುಭೂಮಿ ಭಾಗದಲ್ಲಿ ಮಳೆಯೇ ಕಮ್ಮಿ. ಜುಲೈ–ಆಗಸ್ಟ್‌ನಲ್ಲಿ ತೆಂಕಣದಲ್ಲೂ ಮೆಕ್ಸಿಕೋ ಕೊಲ್ಲಿಯ ಕಡೆಯಲ್ಲೂ ಕೆಲವು ವಾರ ಮಳೆ ಬಿಡುವು ಕೊಡುತ್ತದೆ. ಇದಕ್ಕೆ ಅಲ್ಲಿಯವರು ಕನೀಕುಲಾ ಅನ್ನುತ್ತಾರೆ. ರಜೆಯ ದಿನಗಳನ್ನು ನೀವೇ ಆರಿಸಿಕೊಳ್ಳುವ ಹಾಗಿದ್ದರೆ ಈ ಬಿಡುವು ಒಳ್ಳೆಯದು. ಸೆಪ್ಟೆಂಬರ್ ಎಲ್ಲಕ್ಕಿಂತ ಕಷ್ಟದ ತಿಂಗಳು.

ಇದರ ಮೇಲೆ ಚಂಡಮಾರುತ. ಪೆಸಿಫಿಕ್ ಕಡೆಯ ಚಂಡಮಾರುತದ ಋತು ಮೇ 15ಕ್ಕೆ, ಅಟ್ಲಾಂಟಿಕ್ ಕಡೆಯದ್ದು ಜೂನ್ 1ಕ್ಕೆ ಶುರು. ಎರಡೂ ಮುಗಿಯುವುದು ನವೆಂಬರ್ 30ಕ್ಕೆ. 2023ರ ಅಕ್ಟೋಬರ್ 25ರ ನಸುಕಿನಲ್ಲಿ ಅಕಾಪುಲ್ಕೋಗೆ ಬಡಿದ ಓಟಿಸ್, ಒಂದೇ ದಿನದೊಳಗೆ ಸಾಧಾರಣ ಬಿರುಗಾಳಿಯಿಂದ ಐದನೇ ದರ್ಜೆಯ ಚಂಡಮಾರುತವಾಗಿ ಬೆಳೆದಿತ್ತು. ಹಾಗಾಗಿ ಒಂದು ವಾರ ಮೊದಲು ನೋಡಿದ ಹವಾಮಾನ ವರದಿ ಕರಾವಳಿಯಲ್ಲಿ ಕೆಲಸಕ್ಕೆ ಬರುವುದಿಲ್ಲ.

2. ದಾರಿಯನ್ನು ತೂಗಿ ನೋಡಿ

ಮೆಕ್ಸಿಕೋದಲ್ಲಿ ಒಂದೇ ಊರಿಗೆ ಎರಡು ದಾರಿ ಇರುವುದು ಮಾಮೂಲು. ಒಂದು ಟೋಲ್ ಕಟ್ಟಿ ಹೋಗುವ ಕೂವೋತಾ, ಇನ್ನೊಂದು ಪುಕ್ಕಟೆಯ ಲೀಬ್ರೆ. ಮೊದಲ ದರ್ಜೆಯ ಬಸ್ಸುಗಳು ಸಾಮಾನ್ಯವಾಗಿ ಕೂವೋತಾ ಹಿಡಿಯುತ್ತವೆ. ಎರಡನೇ ದರ್ಜೆಯವು ಊರೂರು ಸುತ್ತಿಕೊಂಡು ಲೀಬ್ರೆಯಲ್ಲಿ ಹೋಗುತ್ತವೆ. ಒಣ ಕಾಲದಲ್ಲಿ ಎರಡನೇ ದರ್ಜೆಯ ಬಸ್ಸು ಹತ್ತಿ, ಕಿಟಕಿಗೆ ಬರುವ ಹುರಿದ ಕಡಲೆಬೀಜ ಕೊಂಡು ತಿನ್ನುತ್ತಾ ಹೋಗುವುದು ನನಗಿಷ್ಟ. ಮಳೆಗಾಲದಲ್ಲಿ ಮಾತ್ರ ಕೂವೋತಾ ಬಿಟ್ಟು ಬೇರೆ ಯೋಚನೆ ಮಾಡಬೇಡಿ. ಮಣ್ಣು ಜರಿದರೆ ಮೊದಲು ತೆರವಾಗುವುದೂ ಅದೇ.

ಮೆಕ್ಸಿಕೋ ಸಿಟಿಯಿಂದ ಕೆರೆತಾರೋ, ಗ್ವಾನಾಹ್ವಾತೋ, ಗ್ವಾದಲಹಾರಾ ಕಡೆಗೆ ಹೋಗುವವರಿಗೆ ಮಳೆಗಾಲದಲ್ಲೂ ತಲೆಬಿಸಿ ಕಮ್ಮಿ. ಗ್ವಾದಲಹಾರಾಕ್ಕೆ ಏಳು ಗಂಟೆ ಹಿಡಿಯುತ್ತದೆ, ದಾರಿ ವಿಶಾಲ. ಅಲ್ಲಿ ಐಟಿ ಕೆಲಸಕ್ಕೆಂದು ಬಂದಿರುವ ನಮ್ಮವರು ವಾರಾಂತ್ಯಕ್ಕೆ ಸಲೀಸಾಗಿ ಬಸ್ಸು ಹತ್ತುತ್ತಾರೆ. ಮೆರಿದಾದಿಂದ ಕಾನ್‌ಕುನ್‌ಗೆ ನಾಲ್ಕು ಗಂಟೆ, ರೂಲರ್ ಇಟ್ಟು ಗೆರೆ ಎಳೆದಂಥ ರಸ್ತೆ, ಎರಡೂ ಪಕ್ಕ ಕುರುಚಲು ಕಾಡು. ನಿದ್ದೆ ಮಾಡಿ.

ಮೆಕ್ಸಿಕೋ ಸಿಟಿಯಿಂದ ವೆರಾಕ್ರೂಸ್ ಕಡೆಗೆ ಹೋಗುವಾಗ ಕುಂಬ್ರೆಸ್ ದೆ ಮಾಲ್ತ್ರಾತಾ ಎಂಬ ಘಾಟಿ ಸಿಗುತ್ತದೆ. ಪ್ರಸ್ಥಭೂಮಿಯ ಅಂಚಿನಿಂದ ಒರಿಸಾಬಾ ಕಡೆಗೆ ಸಾವಿರ ಮೀಟರ್‌ಗೂ ಹೆಚ್ಚು ಇಳಿಜಾರು. ಮಂಜು ಕವಿದರೆ ಎದುರಿಗಿರುವ ಲಾರಿಯ ಹಿಂದೀಪವೂ ಕಾಣುವುದಿಲ್ಲ. ಬ್ರೇಕ್ ಹೋದ ಲಾರಿಗಳಿಗೆಂದೇ ಪಕ್ಕದಲ್ಲಿ ಜಲ್ಲಿ ತುಂಬಿದ ಏರುದಾರಿ ಮಾಡಿಟ್ಟಿದ್ದಾರೆ. ಈ ದಾರಿಯಲ್ಲಿ ರಸ್ತೆ ಮುಚ್ಚಿದರೆ ಅದಕ್ಕೆ ಹೆಚ್ಚಾಗಿ ಕಾರಣ ಟ್ರೇಲರ್ ಅಪಘಾತ. ಒದ್ದೆ ರಸ್ತೆ ಮತ್ತು ಮಂಜು ಅದಕ್ಕೆ ಇನ್ನಷ್ಟು ಅವಕಾಶ ಮಾಡಿಕೊಡುತ್ತವೆ. ಬೆಳಕಿರುವಾಗ ದಾಟಿದರೆ ಕಣಿವೆ ನೋಡಲೂ ಸಿಗುತ್ತದೆ.

ಮೆಕ್ಸಿಕೋ ಸಿಟಿಯಿಂದ ವಹಾಕಾಗೆ ಆರೂವರೆಯಿಂದ ಏಳು ಗಂಟೆ. ಪ್ವೆಬ್ಲಾ ದಾಟಿ ಕ್ವಾಕ್ನೊಪಾಲನ್ ಹತ್ತಿರ ಕವಲೊಡೆಯುವ ಟೋಲ್ ರಸ್ತೆ ತೆವಾಕಾನ್–ಕ್ವಿಕಾತ್ಲಾನ್ ಎಂಬ ಕಳ್ಳಿಗಿಡಗಳ ಕಾಡನ್ನು ಸೀಳಿಕೊಂಡು ಹೋಗುತ್ತದೆ. 2018ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಜಾಗ ಅದು. ಹತ್ತು ಮೀಟರ್ ಎತ್ತರದ ಕಂಬಗಳ್ಳಿಗಳು ಬೆಟ್ಟದ ತುಂಬ ನಿಂತಿರುತ್ತವೆ. ಮಳೆಗಾಲದಲ್ಲಿ ಅವುಗಳ ಬುಡದಲ್ಲೂ ಹಸಿರು ಚಿಗುರಿರುತ್ತದೆ. ಆದರೆ ಗುಡ್ಡ ಕೊರೆದು ಮಾಡಿದ ರಸ್ತೆ. ಜೋರು ಮಳೆಯ ಮಾರನೇ ದಿನ ಅಲ್ಲಲ್ಲಿ ಕಲ್ಲು ಉರುಳಿ ಬಿದ್ದಿರುತ್ತವೆ. ಶಿರಾಡಿ ಘಾಟಿಯನ್ನು ಜುಲೈನಲ್ಲಿ ಹತ್ತಿಳಿದವರಿಗೆ ಇಲ್ಲಿಯ ರೀತಿ ಹೇಳಿಕೊಡಬೇಕಿಲ್ಲ: ರಸ್ತೆ ತೆರೆದಿದೆಯೋ ಇಲ್ಲವೋ ಎಂದು ಹೊರಡುವ ಬೆಳಗ್ಗೆಯೇ ಕೇಳಬೇಕು.

ವಹಾಕಾದಿಂದ ಪೆಸಿಫಿಕ್ ಕರಾವಳಿಯ ಪ್ವೆರ್ತೋ ಎಸ್ಕೊಂದಿದೋಗೆ ಮೊದಲು ಆರೇಳು ಗಂಟೆ ಹೊಟ್ಟೆ ತೊಳೆಸುವ ತಿರುವುಗಳಲ್ಲಿ ವ್ಯಾನು ಹತ್ತಿ ಹೋಗಬೇಕಿತ್ತು. 2024ರ ಫೆಬ್ರವರಿಯಲ್ಲಿ ಬರಾಂಕಾ ಲಾರ್ಗಾ–ವೆಂತಾನಿಯಾ ಹೆದ್ದಾರಿ ತೆರೆದ ಮೇಲೆ ಪ್ರಯಾಣ ಅರ್ಧಕ್ಕಿಳಿಯಿತು. ರಸ್ತೆ ಹೊಸದಾದರೂ ಪಕ್ಕದ ಗುಡ್ಡ ಹಳೆಯದೇ. ಮಳೆಗೆ ಮಣ್ಣು ಜಾರಿ ಆಗಾಗ ಒಂದು ಬದಿ ಮುಚ್ಚುತ್ತದೆ. ಹಳೆಯ 175ನೇ ಹೆದ್ದಾರಿ ಸಾನ್ ಹೊಸೆ ದೆಲ್ ಪಾಸಿಫಿಕೋ ಎಂಬ ಮೋಡದೂರಿನ ಮೇಲೆ ಹೋಗುತ್ತದೆ. ಚೆಂದವೇನೋ ಹೌದು, ಆದರೆ ಮಳೆಗಾಲದ ಸಂಜೆಗೆ ಹೇಳಿಸಿದ್ದಲ್ಲ.

ಅಕಾಪುಲ್ಕೋ ದಾರಿಯ ಹೆಸರೇ ಸೂರ್ಯನ ಹೆದ್ದಾರಿ, ಆವುತೊಪಿಸ್ತಾ ದೆಲ್ ಸೋಲ್. ಒಳ್ಳೆಯ ಕಾಲದಲ್ಲಿ ಐದು ಗಂಟೆ. 2013ರ ಸೆಪ್ಟೆಂಬರ್‌ನಲ್ಲಿ ಸ್ವಾತಂತ್ರ್ಯ ದಿನದ ರಜೆಗೆಂದು ಜನ ಕರಾವಳಿಗೆ ಇಳಿದಿದ್ದಾಗ ಪೆಸಿಫಿಕ್ ಕಡೆಯಿಂದ ಮಾನ್ವೆಲ್, ಕೊಲ್ಲಿ ಕಡೆಯಿಂದ ಇಂಗ್ರಿದ್ ಒಟ್ಟೊಟ್ಟಿಗೆ ಬಂದವು. ಗುಡ್ಡ ಜರಿದು ಈ ಹೆದ್ದಾರಿ ಕಡಿದುಹೋಯಿತು. ಸಾವಿರಾರು ಪ್ರವಾಸಿಗರು ಊರಲ್ಲೇ ಸಿಕ್ಕಿಬಿದ್ದು, ಅನೇಕರನ್ನು ವಿಮಾನದಲ್ಲಿ ಹೊರತರಬೇಕಾಯಿತು. ಸೆಪ್ಟೆಂಬರ್ 15–16ರ ಹಬ್ಬವನ್ನು ಎತ್ತರದ ಊರಿನಲ್ಲೇ ನೋಡಿ ಎಂದು ನಾನು ಹೇಳುವುದು ಇದಕ್ಕೇ.

ಇನ್ನು ಚಿಯಾಪಾಸ್‌ನ ಸಾನ್ ಕ್ರಿಸ್ಟೋಬಾಲ್ ದೆ ಲಾಸ್ ಕಾಸಾಸ್‌ನಿಂದ ಪಾಲೆಂಕೆಗೆ. ನಕ್ಷೆಯಲ್ಲಿ ಓಕೋಸಿಂಗೋ ಮೇಲೆ ಹಾದರೆ ಸುಮಾರು 200 ಕಿಲೋಮೀಟರ್, ಐದು ಗಂಟೆ ಅನ್ನಿಸುತ್ತದೆ. ದೊಡ್ಡ ಕಂಪನಿಗಳ ಬಸ್ಸು ಬಹಳ ವರ್ಷಗಳಿಂದ ಆ ದಾರಿ ಬಿಟ್ಟು ವಿಯಾಎರ್ಮೋಸಾ ಸುತ್ತಿಕೊಂಡು ಎಂಟೊಂಬತ್ತು ಗಂಟೆ ತೆಗೆದುಕೊಳ್ಳುತ್ತವೆ. ರಸ್ತೆ ತಡೆ, ಸುಲಿಗೆ ಎರಡೂ ಕಾರಣ. ಮಳೆಯಲ್ಲಿ ಮಣ್ಣು ಕುಸಿತ ಅದಕ್ಕೆ ಸೇರಿಕೊಳ್ಳುತ್ತದೆ. ಪ್ರವಾಸಿ ಏಜೆನ್ಸಿಯ ವ್ಯಾನಿನವರು "ನಾವು ಬೇಗ ತಲುಪಿಸ್ತೀವಿ, ದಾರಿಯಲ್ಲಿ ಆಗ್ವಾ ಅಸೂಲ್ ಜಲಪಾತವನ್ನೂ ತೋರಿಸ್ತೀವಿ" ಎನ್ನುತ್ತಾರೆ. ಅದರ ಪೋಸ್ಟರ್‌ನಲ್ಲಿ ಕಾಣುವ ನೀಲಿ ನೀರು ಒಣ ಕಾಲದ್ದು. ಜೋರು ಮಳೆ ಬಂದರೆ ಜಲಪಾತ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿರುತ್ತದೆ. ಬಸ್ಸಿನವರು ಸುತ್ತು ಹಾಕಿದರೆ ನೀವೂ ಹಾಕಿ.

3. ಹೊತ್ತು ಆರಿಸಿ

ಘಾಟಿ ಇರುವ ದಾರಿಗೆ ಬೆಳಗ್ಗೆಯ ಮೊದಲ ಒಂದೆರಡು ಬಸ್ಸುಗಳಲ್ಲೇ ಟಿಕೆಟ್ ತೆಗೆಯಿರಿ. ಏಳು ಗಂಟೆಗೆ ಮೆಕ್ಸಿಕೋ ಸಿಟಿ ಬಿಟ್ಟರೆ ಎರಡು ಗಂಟೆಗೆ ವಹಾಕಾ ತಲುಪುತ್ತೀರಿ. ಮಳೆ ಶುರುವಾಗುವ ಹೊತ್ತಿಗೆ ರೂಮಿನಲ್ಲಿರುತ್ತೀರಿ. ಅದೇ ಮಧ್ಯಾಹ್ನ ಹನ್ನೆರಡಕ್ಕೆ ಹೊರಟರೆ, ಬೆಟ್ಟದ ತಿರುವುಗಳೂ ಸಂಜೆಯ ಮಳೆಯೂ ಸರಿಯಾಗಿ ಒಟ್ಟಿಗೇ ಸಿಗುತ್ತವೆ. ಕತ್ತಲಾದ ಮೇಲೆ ಗೊತ್ತಿಲ್ಲದ ಊರಲ್ಲಿ ಇಳಿಯಬೇಕು, ಟ್ಯಾಕ್ಸಿಯವನು ಕೇಳಿದಷ್ಟು ಕೊಡಬೇಕು.

ರಾತ್ರಿ ಬಸ್ಸಿಗೆ ಹೋದರೆ ಹೋಟೆಲ್ ಖರ್ಚು ಉಳಿಯುತ್ತದೆ ಎನ್ನುವುದು ನಮ್ಮವರ ಹಳೇ ಲೆಕ್ಕ. ಗ್ವಾದಲಹಾರಾ, ಮಾಂಟೆರ್ರೆ ಅಂಥ ದಾರಿಗಳಲ್ಲಿ ಈ ಲೆಕ್ಕ ಮಳೆಗಾಲದಲ್ಲೂ ಸರಿ. ಗುಡ್ಡದ ದಾರಿಯಲ್ಲಿ ಬೇಡ. ರಾತ್ರಿ ಹನ್ನೊಂದಕ್ಕೆ ಮಳೆ ನಿಂತಿರಬಹುದು, ಆದರೆ ಸಂಜೆಯೆಲ್ಲ ನೀರು ಕುಡಿದ ಮಣ್ಣು ಜಾರುವುದು ಆಮೇಲೆಯೇ. ಕತ್ತಲಲ್ಲಿ ಅದು ಡ್ರೈವರ್ ಕಣ್ಣಿಗೆ ಬೀಳುವುದೂ ತಡವಾಗಿ. ಮೆಕ್ಸಿಕೋ ಸಿಟಿಯಿಂದ ಸಾನ್ ಕ್ರಿಸ್ಟೋಬಾಲ್‌ಗೆ ಹದಿಮೂರು–ಹದಿನಾಲ್ಕು ಗಂಟೆಯ ದಾರಿ, ಬಸ್ಸುಗಳು ಹೊರಡುವುದೇ ಹೆಚ್ಚಾಗಿ ಸಂಜೆ. ನಾಲ್ಕೈದು ದಿನ ಬಿಡದೆ ಮಳೆ ಹೊಡೆದಿದ್ದರೆ ಆ ಒಂದು ಹಂತಕ್ಕೆ ತುಕ್ಸ್ತ್ಲಾ ಗುತಿಯೆರೆಸ್‌ವರೆಗೆ ವಿಮಾನ ಹತ್ತಿ, ಅಲ್ಲಿಂದ ಹಗಲಲ್ಲಿ ಒಂದು ಗಂಟೆಯ ಬಸ್ಸು ಹಿಡಿಯಿರಿ.

4. ಟಿಕೆಟ್ ಕೊಳ್ಳುವಾಗ

ದೇಶದ ಪೂರ್ವ, ಆಗ್ನೇಯಕ್ಕೆಲ್ಲ ಎಡಿಓ ಗುಂಪು. ಅಲ್ಲಿಯವರ ಬಾಯಲ್ಲಿ "ಆದೇಓ". ಚಿಯಾಪಾಸ್ ಕಡೆ ಓಡುವ ಓಸಿಸಿ, ಕಮ್ಮಿ ದರದ ಎಯು, ಐಷಾರಾಮಿ ಪ್ಲಾತಿನೋ ಎಲ್ಲ ಅದೇ ಮನೆಯವು. ಪಶ್ಚಿಮ, ಮಧ್ಯ ಭಾಗಕ್ಕೆ ಇಟಿಎನ್, ಪ್ರಿಮೇರಾ ಪ್ಲಸ್. ಅಕಾಪುಲ್ಕೋ ಕಡೆಗೆ ಎಸ್ತ್ರೆಯಾ ದೆ ಓರೋ, ಕೋಸ್ತಾ ಲೈನ್. ಇಟಿಎನ್ ಮತ್ತು ಪ್ಲಾತಿನೋಗಳಲ್ಲಿ ಒಂದು ಬದಿ ಎರಡು, ಇನ್ನೊಂದು ಬದಿ ಒಂದೇ ಸೀಟು.

ಕೌಂಟರ್‌ನಲ್ಲಿ ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಈ ಬಸ್ಸು ಇಲ್ಲಿಂದಲೇ ಹೊರಡುತ್ತದೋ, ಬೇರೆಡೆಯಿಂದ ಬಂದು ಹಾದುಹೋಗುತ್ತದೋ? ಹಾದುಹೋಗುವುದಕ್ಕೆ "ದೆ ಪಾಸೋ" ಎನ್ನುತ್ತಾರೆ. ಒಣ ಕಾಲದಲ್ಲಿ ಇದರಿಂದ ದೊಡ್ಡ ವ್ಯತ್ಯಾಸವಿಲ್ಲ. ಮಳೆಗಾಲದಲ್ಲಿ ದೆ ಪಾಸೋ ಬಸ್ಸು ಮುನ್ನೂರು ಕಿಲೋಮೀಟರ್ ಆಚೆ ನೆರೆಯಲ್ಲಿ ನಿಂತಿದ್ದರೆ, ಬಿಸಿಲಿರುವ ನಿಮ್ಮ ಊರಲ್ಲಿ ನೀವು ಸುಮ್ಮನೆ ದಾರಿ ಕಾಯುತ್ತಾ ಕೂರಬೇಕು. ಅಲ್ಲಿಂದಲೇ ಹೊರಡುವ ಬಸ್ಸಿಗೆ ಸ್ವಲ್ಪ ಹೆಚ್ಚು ದುಡ್ಡಾದರೂ ಕೊಡಿ.

ಕಂಪನಿಯ ಆ್ಯಪ್ ಅಥವಾ ಕೌಂಟರಿನಲ್ಲೇ ಕೊಳ್ಳಿ. ಬೇಗ ಕೊಂಡರೆ ರಿಯಾಯಿತಿ ಸಿಗುತ್ತದೆ. ವಿದೇಶಿ ಕಾರ್ಡು ಆ್ಯಪ್‌ನಲ್ಲಿ ಕೈಕೊಡುವುದುಂಟು, ಆಗ ಓಕ್ಸೋ ಅಂಗಡಿಯಲ್ಲಿ ನಗದು ಕಟ್ಟುವ ಆಯ್ಕೆ ನೋಡಿ. ಮಧ್ಯವರ್ತಿ ಜಾಲತಾಣದಲ್ಲಿ ಕೊಂಡ ಟಿಕೆಟ್ಟಿಗೆ ಬಸ್ಸು ರದ್ದಾದಾಗ ಕೌಂಟರಿನವರು "ಅಲ್ಲೇ ಕೇಳಿ" ಎಂದು ಕೈತೊಳೆದುಕೊಳ್ಳುತ್ತಾರೆ. ಮಳೆಗಾಲದಲ್ಲಿ ಟಿಕೆಟ್ ಬದಲಾಯಿಸುವ ಸಂದರ್ಭ ಬಂದೇ ಬರುತ್ತದೆ ಎಂದುಕೊಂಡೇ ಕೊಳ್ಳುವುದು ಜಾಣತನ. ಹೆಸರು ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಇರಲಿ.

ಜುಲೈ ಮಧ್ಯದಿಂದ ಆಗಸ್ಟ್ ಕೊನೆಯವರೆಗೆ ಅಲ್ಲಿನ ಶಾಲೆಗಳಿಗೂ ರಜೆ. ಜುಲೈ ಉತ್ತರಾರ್ಧದ ಎರಡು ಸೋಮವಾರ ವಹಾಕಾದಲ್ಲಿ ಗೆಲಗೆತ್ಸಾ ಉತ್ಸವ. ಆ ವಾರಗಳಲ್ಲಿ ಬೆಳಗ್ಗೆಯ ಬಸ್ಸು ಬೇಕೆಂದರೆ ವಾರಗಳ ಮೊದಲೇ ತೆಗೆದಿಡಿ.

ಸೀಟು? ಕೊನೆಯ ಎರಡು ಸಾಲು ಬಿಡಿ, ಶೌಚಾಲಯ ಅಲ್ಲೇ ಇರುತ್ತದೆ. ತಿರುವಿನಲ್ಲಿ ವಾಂತಿ ಬರುವವರು ಮುಂದಿನ ಅರ್ಧದಲ್ಲಿ ಕೂರಿ.

5. ಹಿಂದಿನ ರಾತ್ರಿ, ಮತ್ತೆ ಬೆಳಗ್ಗೆ

ಹವಾಮಾನಕ್ಕೆ ಸರ್ಕಾರದ ಸೆರ್ವಿಸಿಯೋ ಮೆತೆಯೊರೊಲೋಹಿಕೋ ನಾಸಿಯೊನಾಲ್ ಪುಟ ನೋಡಿ. ಚಂಡಮಾರುತ ಹತ್ತಿರವಾಗುತ್ತಿದ್ದರೆ ಆಡಳಿತದವರು ನೀಲಿ, ಹಸಿರು, ಹಳದಿ, ಕಿತ್ತಳೆ, ಕೆಂಪು ಎಂದು ಐದು ಬಣ್ಣದಲ್ಲಿ ಎಚ್ಚರಿಕೆ ಕೊಡುತ್ತಾರೆ. ಹಳದಿ ಬಂತೆಂದರೆ ಕರಾವಳಿಯ ಟಿಕೆಟ್ ಮುಂದಕ್ಕೆ ಹಾಕಿ, ಕಿತ್ತಳೆಗೆ ಕಾಯಬೇಡಿ. ಕಿತ್ತಳೆ ಬರುವ ಹೊತ್ತಿಗೆ ಊರು ಬಿಡುವವರ ಸಾಲೇ ಬಸ್ ನಿಲ್ದಾಣದ ಹೊರಗಿರುತ್ತದೆ.

ರಸ್ತೆಯ ಸ್ಥಿತಿಗೆ ಗ್ವಾರ್ದಿಯಾ ನಾಸಿಯೊನಾಲ್ ಎಂಬ ಕೇಂದ್ರ ಪಡೆಯ ಹೆದ್ದಾರಿ ವಿಭಾಗ ಮತ್ತು ಟೋಲ್ ರಸ್ತೆ ನೋಡಿಕೊಳ್ಳುವ ಕಾಪುಫೆ ಎಕ್ಸ್‌ನಲ್ಲಿ ಗಳಿಗೆಗಳಿಗೆಗೂ ಸುದ್ದಿ ಹಾಕುತ್ತವೆ. ಕಾಪುಫೆಯ ದೂರವಾಣಿ 074. ಆ ಪೋಸ್ಟುಗಳಲ್ಲಿ ಹುಡುಕಬೇಕಾದ ಪದಗಳು: ದೆರ್ರುಂಬೆ ಅಂದರೆ ಗುಡ್ಡ ಕುಸಿತ, ಇನುಂದಾಸಿಯೋನ್ ಅಂದರೆ ನೆರೆ, ಸಿಯೆರ್ರೆ ತೊತಾಲ್ ಅಂದರೆ ರಸ್ತೆ ಪೂರ್ತಿ ಬಂದ್, ಬ್ಲೊಕೆಯೋ ಅಂದರೆ ಜನ ಕೂತು ಮಾಡಿದ ತಡೆ. ಬ್ಲೊಕೆಯೋಗೂ ಮಳೆಗೂ ಸಂಬಂಧವಿಲ್ಲ. ಆದರೆ ವಹಾಕಾದಲ್ಲಿ ಶಿಕ್ಷಕರ ಸಂಘದ ಮುಷ್ಕರ ಪ್ರತಿವರ್ಷ ಮೇ 15ರ ಶಿಕ್ಷಕರ ದಿನದ ಆಸುಪಾಸು ಕಾವೇರಿ, ಎಷ್ಟೋ ಸಲ ಜೂನ್‌ಗೂ ಚಾಚುತ್ತದೆ. ಹೆದ್ದಾರಿ ತಡೆಯುತ್ತಾರೆ, ಬಸ್ ನಿಲ್ದಾಣದ ಬಾಗಿಲಿಗೂ ಬಂದು ಕೂರುತ್ತಾರೆ. ಅಲ್ಲಿಯವರು ಇದನ್ನು ಹವಾಮಾನದ ಹಾಗೆಯೇ ತೆಗೆದುಕೊಂಡು ಇವತ್ತಲ್ಲ ನಾಳೆ ಎಂದು ಮನೆಗೆ ಹೋಗುತ್ತಾರೆ.

ಇಷ್ಟೆಲ್ಲ ನೋಡಿದ ಮೇಲೂ ಕೌಂಟರಿನವರನ್ನು ಒಂದು ಮಾತು ಕೇಳಿ. ರಾತ್ರಿ ಆ ದಾರಿಯಲ್ಲಿ ಬಂದ ಡ್ರೈವರ್ ಹೇಳಿದ ಸುದ್ದಿ ಅವರಿಗೆ ಎಲ್ಲ ಆ್ಯಪ್‌ಗಳಿಗಿಂತ ಮೊದಲು ಗೊತ್ತಾಗಿರುತ್ತದೆ.

6. ಚೀಲ

ದೊಡ್ಡ ಚೀಲ ಬಸ್ಸಿನ ಹೊಟ್ಟೆಗೆ ಹೋಗುತ್ತದೆ. ಸಾಮಾನ್ಯ ಮಿತಿ 25 ಕಿಲೋ. ಒಂದು ಚೀಟಿ ಚೀಲಕ್ಕೆ ಕಟ್ಟಿ ಇನ್ನೊಂದನ್ನು ಕೈಗೆ ಕೊಡುತ್ತಾರೆ. ಇಳಿದಾಗ ಆ ಚೀಟಿ ತೋರಿಸದೆ ಚೀಲ ಕೊಡುವುದಿಲ್ಲ, ಆದ್ದರಿಂದ ಅದು ಒದ್ದೆಯಾಗಿ ಮುದ್ದೆಯಾಗದಂತೆ ಪರ್ಸಿನೊಳಗಿಡಿ. ಚೀಲಕ್ಕೆ ಮಳೆಹೊದಿಕೆ ಹಾಕಿದರೆ ಸಾಲದು. ಒಳಗೆ ದಪ್ಪ ಪ್ಲಾಸ್ಟಿಕ್ ಕವರು ಹಾಕಿ ಅದರೊಳಗೆ ಬಟ್ಟೆ ತುಂಬಿ. ಸುರಿಯುವ ಮಳೆಯಲ್ಲಿ ಚೀಲಗಳನ್ನು ಇಳಿಸಿ ನೆಲದ ಮೇಲೆ ಸಾಲಾಗಿ ಇಟ್ಟಿರುತ್ತಾರೆ, ನಿಮ್ಮ ಸರದಿ ಬರುವ ತನಕ ಅವು ನೆನೆಯುತ್ತಿರುತ್ತವೆ.

ಸೀಟಿಗೆ ಒಯ್ಯುವ ಕೈಚೀಲದಲ್ಲಿ ದಪ್ಪ ಸ್ವೆಟರ್, ಕಾಲುಚೀಲ, ಶಾಲು. ಹೊರಗೆ 35 ಡಿಗ್ರಿ ಸೆಕೆ ಇದ್ದರೂ ಬಸ್ಸಿನ ಎಸಿ ಮೂಳೆ ಕೊರೆಯುತ್ತದೆ, ಒದ್ದೆ ಬಟ್ಟೆಯಲ್ಲಿ ಕೂತರಂತೂ ಕೇಳುವುದೇ ಬೇಡ. ಬೆಚ್ಚಗಿನ ಬಟ್ಟೆ ಸಾನ್ ಕ್ರಿಸ್ಟೋಬಾಲ್‌ನಲ್ಲೂ ಬೇಕು. 2,200 ಮೀಟರ್ ಎತ್ತರದ ಆ ಊರಲ್ಲಿ ಮಳೆಗಾಲದ ರಾತ್ರಿ ಚೆನ್ನಾಗಿ ಚಳಿ ಇರುತ್ತದೆ. ಸೊಳ್ಳೆ ಮುಲಾಮು ಮರೆಯಬೇಡಿ. ಕರಾವಳಿ, ತಬಾಸ್ಕೋ, ಯುಕಾತಾನ್ ಕಡೆ ಡೆಂಗಿ ಏರುವುದು ಇದೇ ತಿಂಗಳುಗಳಲ್ಲಿ.

ಪಾಸ್‌ಪೋರ್ಟ್ ದೊಡ್ಡ ಚೀಲದಲ್ಲಿ ಬೇಡವೇ ಬೇಡ. ಚಿಯಾಪಾಸ್, ತಬಾಸ್ಕೋ ಕಡೆ ವಲಸೆ ಇಲಾಖೆಯವರು ಬಸ್ಸು ನಿಲ್ಲಿಸಿ ಹತ್ತಿ ಒಬ್ಬೊಬ್ಬರದ್ದೂ ನೋಡುತ್ತಾರೆ. ನಮ್ಮ ಮುಖ ಕಂಡರೆ ಖಂಡಿತ ಕೇಳುತ್ತಾರೆ, ಫೋನಿನ ಫೋಟೋ ಸಾಲುವುದಿಲ್ಲ. ಭಾರತದ ಪಾಸ್‌ಪೋರ್ಟ್ ಇದ್ದು, ಅಮೆರಿಕ, ಕೆನಡಾ, ಬ್ರಿಟನ್, ಜಪಾನ್ ಅಥವಾ ಷೆಂಗೆನ್ ದೇಶಗಳ ಚಾಲ್ತಿ ವೀಸಾ ಇದ್ದರೆ ಪ್ರವಾಸಕ್ಕೆ ಮೆಕ್ಸಿಕೋದ ಪ್ರತ್ಯೇಕ ವೀಸಾ ಬೇಡ. ಆ ವೀಸಾ ಇರುವ ಪುಟವನ್ನೇ ಅಧಿಕಾರಿ ಹುಡುಕುತ್ತಾನೆ. ಎಚ್-1ಬಿ ಮೇಲಿರುವವರು ಐ-797 ಕಾಗದವನ್ನೂ ಪಾಸ್‌ಪೋರ್ಟನ್ನೂ ಎರಡು ಪದರ ಜಿಪ್ ಕವರಿನಲ್ಲಿಟ್ಟು ಮೈಮೇಲೇ ಇಟ್ಟುಕೊಳ್ಳಿ. ವಾಪಸು ಗಡಿಯಲ್ಲಿ ಶಾಯಿ ಹರಡಿದ ಕಾಗದ ತೋರಿಸುವ ಪಾಡು ಯಾರಿಗೂ ಬೇಡ.

7. ಬಸ್ ನಿಲ್ದಾಣ ತಲುಪುವುದೇ ಒಂದು ಪ್ರಯಾಣ

ಮೆಕ್ಸಿಕೋ ಸಿಟಿಯಲ್ಲಿ ದಿಕ್ಕಿಗೊಂದರಂತೆ ನಾಲ್ಕು ದೊಡ್ಡ ನಿಲ್ದಾಣಗಳಿವೆ. ಪೂರ್ವಕ್ಕೆ ತಾಪೋ, ಸಾನ್ ಲಾಸರೋ ಮೆಟ್ರೋ ಪಕ್ಕ; ಪ್ವೆಬ್ಲಾ, ವಹಾಕಾ, ವೆರಾಕ್ರೂಸ್, ಚಿಯಾಪಾಸ್, ಯುಕಾತಾನ್‌ಗೆ ಇಲ್ಲಿಂದ. ಉತ್ತರದ್ದಕ್ಕೆ ಆವುತೊಬೂಸೆಸ್ ದೆಲ್ ನೋರ್ತೆ ಮೆಟ್ರೋ. ಗ್ವಾದಲಹಾರಾ, ಕೆರೆತಾರೋ ಕಡೆಗೆ. ಅಕಾಪುಲ್ಕೋಗೆ ದಕ್ಷಿಣದ ತಾಸ್ಕೆನ್ಯಾ. ಪಶ್ಚಿಮದ್ದು ಒಬ್ಸೆರ್ವತೋರಿಯೋ. ಟಿಕೆಟ್ಟಿನಲ್ಲಿ ಯಾವ ನಿಲ್ದಾಣ ಎಂದು ಎರಡು ಸಲ ನೋಡಿ, ಕೆಲವು ಊರುಗಳಿಗೆ ಎರಡೆರಡು ಕಡೆಯಿಂದ ಬಸ್ಸಿದೆ.

ಆ ನಗರ ಇರುವುದು ಹಳೆಯ ಕೆರೆಯ ಹಾಸಿನ ಮೇಲೆ, ನೀರು ಹೊರಹೋಗಲು ಸಹಜ ದಾರಿ ಇಲ್ಲ. ಸಂಜೆ ಒಂದು ಗಂಟೆ ಜೋರಾಗಿ ಸುರಿದರೆ ತಾಪೋ ಕಡೆಯ ಸರಗೋಸಾ ರಸ್ತೆಯಲ್ಲಿ ಕಾರುಗಳು ಅರ್ಧ ಮುಳುಗಿ ನಿಲ್ಲುತ್ತವೆ. ಮೆಟ್ರೋ ಹತ್ತಿ ತಪ್ಪಿಸಿಕೊಳ್ಳೋಣ ಅಂದರೆ ಅದೂ ನಿಧಾನ. ಹೆಚ್ಚಿನ ಮಾರ್ಗಗಳ ರೈಲಿಗೆ ರಬ್ಬರ್ ಗಾಲಿ; ಹಳಿ ಒದ್ದೆಯಾದರೆ ಬಯಲಿನಲ್ಲಿ ಓಡುವ ಭಾಗಗಳಲ್ಲಿ ಬೇಕೆಂದೇ ವೇಗ ತಗ್ಗಿಸುತ್ತಾರೆ. ತಾಸ್ಕೆನ್ಯಾಕ್ಕೆ ಹೋಗುವ ಎರಡನೇ ಮಾರ್ಗದ ತೆಂಕಣ ಭಾಗ ಪೂರ್ತಿ ಬಯಲಲ್ಲೇ ಇದೆ. ಸಂಜೆಯ ಬಸ್ಸೇ ಅನಿವಾರ್ಯವಾದರೆ ಒಂದೂವರೆ ಗಂಟೆ ಹೆಚ್ಚು ಇಟ್ಟುಕೊಂಡು, ಮೋಡ ಕವಿಯುವ ಮೊದಲೇ ನಿಲ್ದಾಣ ಸೇರಿ ಅಲ್ಲೇ ಕಾಫಿ ಕುಡಿಯುತ್ತಾ ಕೂರಿ. ಶೌಚಾಲಯಕ್ಕೆ ಚಿಲ್ಲರೆ ಪೆಸೋ ಬೇಕು.

8. ಹೊಟ್ಟೆಪಾಡು

ಮಾಂಸ ತಿನ್ನುವವರಿಗೆ ತೊಂದರೆಯೇ ಇಲ್ಲ, ಮುಂದಿನ ಹೆಜ್ಜೆಗೆ ಹೋಗಿ. ಸಸ್ಯಾಹಾರಿಗಳು "ಸಿನ್ ಕಾರ್ನೆ" ಎಂದಷ್ಟೇ ಹೇಳಿದರೆ ಕೋಳಿ ಬರುವುದುಂಟು, ಏಕೆಂದರೆ ಅಲ್ಲಿ ಕಾರ್ನೆ ಅಂದರೆ ದನ, ಹಂದಿಯ ಮಾಂಸ ಎಂದೇ ಎಷ್ಟೋ ಜನರ ಎಣಿಕೆ. "ಸಿನ್ ಕಾರ್ನೆ, ಸಿನ್ ಪೊಯೋ, ಸಿನ್ ಹಮೋನ್" ಎಂದು ಬಿಡಿಸಿ ಹೇಳಿ. ಒಣ ಬೀನ್ಸ್ ಕಾಳಿನ ಪಲ್ಯದಂಥ ಫ್ರಿಹೋಲೆಸ್‌ಗೆ ಹಂದಿ ಕೊಬ್ಬು ಬೆರೆಸುವ ರೂಢಿ ಇದೆ, ವಹಾಕಾದ ತ್ಲಯೂದಾ ರೊಟ್ಟಿಗೂ ಸವರುತ್ತಾರೆ. "ಸಿನ್ ಮಾಂತೆಕಾ" ಎನ್ನಿ. ಅನ್ನಕ್ಕೆ ಕೋಳಿ ಸಾರು ಹಾಕಿರಬಹುದು.

ಧೈರ್ಯವಾಗಿ ತಿನ್ನಬಹುದಾದ್ದು: ನಿಂಬೆ, ಖಾರ ಹಾಕಿದ ಎಸ್ಕೀತೆಸ್ ಜೋಳ (ಮಯೊನೇಸ್ ಬೇಡವಾದರೆ ಮೊದಲೇ ಹೇಳಿ), ಕುಂಬಳ ಹೂವಿನ ಕೆಸಾದಿಯಾ, ನೊಪಾಲ್ ಕಳ್ಳಿಯ ಪಲ್ಯ. ಜೋಳದ ತೆನೆಗೆ ಹಿಡಿಯುವ ಕಪ್ಪು ಬೂಷ್ಟು ಹ್ವಿತ್ಲಾಕೋಚೆ ಮಳೆಗಾಲದ್ದೇ ವಿಶೇಷ, ನೋಡಲು ಭಯವಾದರೂ ಅಣಬೆಯ ರುಚಿ. ಬಸ್ಸಿಗೆ ಹತ್ತುವ ಮೊದಲು ಓಕ್ಸೋದಲ್ಲಿ ಬಾಳೆಹಣ್ಣು, ಕಡಲೆಬೀಜ, ಮೊಸರು, ಎರಡು ಲೀಟರ್ ನೀರು ಕೊಳ್ಳಿ. ಏಳು ಗಂಟೆಯ ದಾರಿಗೆ ಹನ್ನೆರಡು ಗಂಟೆಗಾಗುವಷ್ಟು ತಿಂಡಿ ಕಟ್ಟಿಕೊಳ್ಳಿ. ತಿರುವಿನ ದಾರಿಗೆ ಯಾವ ಔಷಧದಂಗಡಿಯಲ್ಲೂ ಡ್ರಮಮೀನ್ ಸಿಗುತ್ತದೆ, ಹೊಟ್ಟೆ ಕೆಟ್ಟರೆ ಎಲೆಕ್ಟ್ರೋಲಿತ್ ಬಾಟಲಿ.

9. ದಾರಿ ಮುಚ್ಚಿದಾಗ

ಬಸ್ಸು ಸುಮ್ಮನೆ ನಿಲ್ಲುತ್ತದೆ. ಇಂಜಿನ್ ಆರುತ್ತದೆ. ಮುಂದೆ ಲಾರಿಗಳ ಸಾಲು, ಅದರ ತುದಿ ಕಾಣುವುದಿಲ್ಲ. ಡ್ರೈವರ್ ಇಳಿದು ಮುಂದಿನ ಲಾರಿಯವನ ಜೊತೆ ಸಿಗರೇಟು ಹಚ್ಚಿ ಮಾತಾಡುತ್ತಾನೆ, ಬಂದು "ದೆರ್ರುಂಬೆ" ಎಂದಷ್ಟೇ ಹೇಳುತ್ತಾನೆ. ಹತ್ತು ನಿಮಿಷದಲ್ಲಿ ಎಲ್ಲಿಂದಲೋ ತಲೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹೊದ್ದ ಹೆಂಗಸರು ಬುಟ್ಟಿ ಹಿಡಿದು ಬರುತ್ತಾರೆ. ಬಿಸಿ ತಮಾಲೆಸ್, ಹುರಿದ ಬಾಳೆ, ಕಾಫಿ. ಪಕ್ಕದೂರಿನವರಿಗೆ ರಸ್ತೆ ಮುಚ್ಚಿದ ದಿನವೇ ಸಂತೆ.

ಇಂಥ ಹೊತ್ತಲ್ಲಿ ಬಸ್ಸಿನಲ್ಲೇ ಇರಿ. ಕುಸಿದ ಮಣ್ಣು ದಾಟಿ ಆಚೆ ಬದಿಯ ವ್ಯಾನು ಹಿಡಿಯುವ ಸಾಹಸ ಕೆಲವರು ಮಾಡುತ್ತಾರೆ. ಒಮ್ಮೆ ಜರಿದ ಗುಡ್ಡ ಅದೇ ಗಂಟೆಯಲ್ಲಿ ಮತ್ತೆ ಜರಿಯಬಹುದು, ನಿಮ್ಮ ದೊಡ್ಡ ಚೀಲವೂ ಬಸ್ಸಿನ ಹೊಟ್ಟೆಯಲ್ಲೇ ಉಳಿಯುತ್ತದೆ. "ಒಳದಾರಿ ಗೊತ್ತು" ಎನ್ನುವ ಟ್ಯಾಕ್ಸಿಯವನಿಗೂ ಬೇಡ ಎನ್ನಿ. ಒಳದಾರಿಗಳಲ್ಲಿ ಹಳ್ಳಕ್ಕೆ ಸೇತುವೆ ಇರುವುದಿಲ್ಲ; ನೀರು ಹರಿಯುವ ತಗ್ಗಿನಲ್ಲೇ ಗಾಡಿ ಇಳಿಸಬೇಕು. ಕಂಪನಿಯ ಬಸ್ಸು ಬದಲಿ ದಾರಿ ಹಿಡಿದರೆ ಅದು ಕಚೇರಿಗೆ ತಿಳಿದೇ ಹಿಡಿದದ್ದು, ತಡವಾದರೂ ತಲುಪಿಸುತ್ತದೆ.

ಟಿಕೆಟ್ಟಿನೊಳಗೇ ಪ್ರಯಾಣಿಕರ ವಿಮೆ ಸೇರಿರುತ್ತದೆ, ಆದ್ದರಿಂದ ಪ್ರಯಾಣ ಮುಗಿಯುವ ತನಕ ಟಿಕೆಟ್ ಎಸೆಯಬೇಡಿ. ತುರ್ತಿಗೆ ದೇಶದೆಲ್ಲೆಡೆ 911. ಪ್ರವಾಸಿಗರಿಗೆ ನೆರವಾಗುವ ಹಸಿರು ದೇವತೆಗಳು, ಅಂದರೆ ಆಂಹೆಲೆಸ್ ವೆರ್ದೆಸ್, 078ರಲ್ಲಿ ಸಿಗುತ್ತಾರೆ. ಹೊರಡುವ ಮೊದಲೇ ಬಸ್ಸು ರದ್ದಾದರೆ ಕೌಂಟರಿನಲ್ಲಿ ದುಡ್ಡು ವಾಪಸ್ಸೋ ಬೇರೆ ದಿನದ ಟಿಕೆಟ್ಟೋ ಎಂದು ಕೇಳುತ್ತಾರೆ. ಎಲ್ಲರೂ ದುಡ್ಡಿಗೆ ಮುಗಿಬೀಳುವಾಗ ನೀವು ಮಾರನೇ ಬೆಳಗಿನ ಮೊದಲ ಬಸ್ಸಿನ ಸೀಟು ಹಿಡಿಯಿರಿ. ರಸ್ತೆ ತೆರೆದ ದಿನ ಆ ಸೀಟಿಗೆ ಬೆಲೆ ಕಟ್ಟಲಾಗದು.

10. ಒಂದು ಮಾದರಿ ದಾರಿ

ಎರಡು ವಾರ ಇರುವವರಿಗೆ ನಾನು ಹೇಳುವ ಸಾಲು ಹೀಗೆ. ಮೆಕ್ಸಿಕೋ ಸಿಟಿಯಿಂದ ಬೆಳಗ್ಗೆ ಪ್ವೆಬ್ಲಾ, ಬರೀ ಎರಡು ಗಂಟೆ. ಅಲ್ಲಿ ಎರಡು ರಾತ್ರಿ ಕಳೆದು, ಕಾಪು ಎಂದು ಕರೆಯುವ ನಿಲ್ದಾಣದಿಂದ ಬೆಳಗ್ಗೆಯೇ ವಹಾಕಾಗೆ, ನಾಲ್ಕೂವರೆಯಿಂದ ಐದು ಗಂಟೆ. ಹೀಗೆ ಒಡೆದುಕೊಂಡರೆ ಘಾಟಿ ಭಾಗವನ್ನು ಮಧ್ಯಾಹ್ನದೊಳಗೆ ದಾಟಿರುತ್ತೀರಿ. ವಹಾಕಾದಲ್ಲಿ ನಾಲ್ಕೈದು ದಿನ. ಚಿಯಾಪಾಸ್‌ಗೆ ಹೋಗಲೇಬೇಕೆಂಬ ಆಸೆ ಇದ್ದರೆ ಹವಾಮಾನ ನೋಡಿ ಅಲ್ಲೇ ತೀರ್ಮಾನಿಸಿ, ಮುಂಗಡ ಟಿಕೆಟ್ ಬೇಡ. ಮಳೆ ಹೆಚ್ಚಿದ್ದರೆ ಅದನ್ನು ಬಿಟ್ಟು ನೇರ ಮೆರಿದಾಗೆ ಹಾರಿ, ಮುಂದಿನದೆಲ್ಲ ಬಸ್ಸಿನಲ್ಲೇ ಮಾಡಿ. ಮೆರಿದಾ, ವಯಾದೊಲೀದ್, ಕಾನ್‌ಕುನ್ ನಡುವಿನ ದಾರಿಗೆ ಚಂಡಮಾರುತ ಒಂದನ್ನು ಬಿಟ್ಟರೆ ಬೇರೆ ಅಡ್ಡಿಯಿಲ್ಲ.

ವಾಪಸಿನ ವಿಮಾನ ಇರುವ ಊರಿಗೆ ಒಂದು ದಿನ ಮೊದಲೇ ತಲುಪಿ, ಅದೇ ದಿನ ದೂರದ ಬಸ್ಸನ್ನೂ ವಿಮಾನವನ್ನೂ ಇಟ್ಟುಕೊಳ್ಳಬೇಡಿ. ಕಾನ್‌ಕುನ್ ಊರೊಳಗಿನ ಎಡಿಓ ನಿಲ್ದಾಣದಿಂದ ವಿಮಾನ ನಿಲ್ದಾಣಕ್ಕೆ ಅರ್ಧ ಗಂಟೆಯ ಬಸ್ಸು ದಿನವಿಡೀ ಇದೆ. ಮೆರಿದಾ ಕಡೆಯಿಂದ ಬರುವವರು ಗಡಿಯಾರ ತಿದ್ದಿಕೊಳ್ಳಿ: ಕಾನ್‌ಕುನ್ ಇರುವ ಕಿಂತಾನಾ ರೋ ರಾಜ್ಯ 2015ರಿಂದ ಬೇರೆ ಸಮಯ ವಲಯದಲ್ಲಿದ್ದು, ಅಲ್ಲಿ ಒಂದು ಗಂಟೆ ಮುಂದಿದೆ. ಟಿಕೆಟ್ಟಿನಲ್ಲಿ ಛಾಪಿಸಿದ ಹೊರಡುವ ವೇಳೆ ಯಾವಾಗಲೂ ಬಸ್ಸು ಹತ್ತುವ ಊರಿನದ್ದು.